ಬರ್ಲಿನ್ನಿನ ಫಲಕ

ಹಿರಿಯರ ಅಂತರರಾಷ್ಟ್ರೀಯ ಕ್ರೀಡಾಕೂಟ ಪುಣೆಯಲ್ಲಿ ನಡೆಯುತ್ತದೆ ಎಂದು ಪತ್ರಿಕೆಯಲ್ಲಿ ಬಂದಾಗ ಶೈಲಶ್ರೀ ಆ ಪುಟವನ್ನು ತಿರುವಿ ಹಾಕಿದ್ದಳು. ಹಡಪಸರದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಅವಳಿಗೂ ಓಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸಂಬಂಧವಿದ್ದದ್ದು ಅವಳ ಸೋದರತ್ತೆ ಚನ್ನಬಸವ್ವನಿಗೆ.

ಚನ್ನಬಸವ್ವ ಸಿಂದಗಿ ಕಡೆಯವಳು. ಶಾಲೆಯಲ್ಲಿದ್ದಾಗಲೇ ಜಿಲ್ಲೆಗೆ ಹೆಸರು ತಂದ ಓಟಗಾರ್ತಿ. ಆ ಓಟದ ಬಲದ ಮೇಲೆಯೇ ರೈಲ್ವೆಯಲ್ಲಿ ನೌಕರಿ ಸಿಕ್ಕಿ ದೌಂಡಕ್ಕೆ ಬಂದು, ಟಿಕೆಟ್ ಕಿಟಕಿಯ ಹಿಂದೆ ಕೂತು, ಅಲ್ಲಿಯೇ ನಿವೃತ್ತಳಾಗಿದ್ದಳು. ಮದುವೆಯಾಗಲಿಲ್ಲ. ಈಗಲೂ ಸೂರ್ಯ ಹುಟ್ಟುವ ಮೊದಲು ರೈಲ್ವೆ ಕಾಲೊನಿಯ ಸುತ್ತ ಬಿರುಸಾಗಿ ನಡೆದು ಬರುತ್ತಾಳೆ. ಮೊಣಕಾಲು ಒಪ್ಪಿದ ದಿನ ಓಡುತ್ತಾಳೆ. ಕೂಟಕ್ಕೆ ಮುನ್ನ ಕ್ರೀಡಾಜ್ಯೋತಿ ಸೋಲಾಪುರದ ಕಡೆಯಿಂದ ದೌಂಡ, ಜೇಜುರಿ, ಸಾಸವಡ ಹಾದು ಪುಣೆಗೆ ಬರುವುದೆಂದು ಗೊತ್ತಾಯಿತು. ಅದನ್ನು ಹಿಡಿದು ಓಡಲು ಹಳೆಯ ಓಟಗಾರರನ್ನು ಆರಿಸಿದಾಗ ಚನ್ನಬಸವ್ವನ ಹೆಸರೂ ಬಂತು. ಅವಳಿಗೆ ಸಿಕ್ಕಿದ್ದು ಹಡಪಸರದ ದೊಡ್ಡ ರಸ್ತೆ, ಎಲ್ಲಕ್ಕಿಂತ ಹೆಚ್ಚು ಜನ ಸೇರುವ ಜಾಗ.

"ನಮ್ಮ ಆಫೀಸಿನವರು ಎಲ್ಲಾರೂ ಬರ್ತಾರಂತ ನೋಡು," ಎಂದು ಅವಳು ಫೋನಿನಲ್ಲಿ ಹೇಳಿದ್ದಳು. "ಸಂಜು ಕುರ್ಡುವಾಡಿಯಿಂದ ರಜಾ ಹಾಕಿ ಬರ್ತೀನಿ ಅಂದಾನ. ನೀನೂ ಕಾಲೇಜು ಬಿಟ್ಟು ಬರಬೇಕು ಮತ್ತ."

ಅದಾದ ಮೇಲೆ ಅನಂತರಾಮು ಕಾಲೇಜಿಗೆ ಬಂದರು. ಮೈಸೂರಿನ ಕಡೆಯವರು, ಖರಾಡಿಯ ಒಂದು ಐಟಿ ಕಂಪನಿಯಲ್ಲಿ ಹಿರಿಯ ಮ್ಯಾನೇಜರು. ಕಂಪನಿ ಕೂಟದ ಪ್ರಾಯೋಜಕರಲ್ಲಿ ಒಂದಾದ್ದರಿಂದ ಸ್ವಾಗತ ಸಮಿತಿಯಲ್ಲಿ ಅವರನ್ನೂ ಸೇರಿಸಿದ್ದರು. ಜ್ಯೋತಿ ಹಿಡಿಯುವವರ ವ್ಯವಸ್ಥೆಯೂ, ಹಡಪಸರದ ಸಭಾಭವನದಲ್ಲಿ ನಡೆಯಲಿದ್ದ ಪ್ರದರ್ಶನವೂ ಅವರ ಪಾಲಿಗೆ ಬಂದಿದ್ದವು. ಶೈಲಶ್ರೀಯ ಹೆಸರು ಹೇಳಿದ್ದು ಚನ್ನಬಸವ್ವನೇ.

"ಜ್ಯೋತಿ ಓಟದ ಹಿಸ್ಟರಿ ಬಗ್ಗೆ ಒಂದಷ್ಟು ಪ್ಯಾನೆಲ್ ಮಾಡ್ಕೊಡಿ ಮೇಡಂ," ಎಂದರು ಅನಂತರಾಮು. "ಎಲ್ಲಿಂದ ಶುರುವಾಯ್ತು, ಹೇಗೆ ಬೆಳೀತು ಅಂತ. ಸ್ಕೂಲ್ ಮಕ್ಕಳೂ ಓದೋ ಥರ ಸಿಂಪಲ್ ಆಗಿರ್ಲಿ. ಮರಾಠಿ, ಇಂಗ್ಲಿಷ್ ನಾವು ಮಾಡಿಸ್ಕೊತೀವಿ. ನೀವು ಹೇಗೆ ಬರೀತೀರೋ ಹಾಗೇ ಹಾಕ್ತೀವಿ."

ಶೈಲಶ್ರೀ ಒಪ್ಪಿಕೊಂಡಳು. ಒಲಿಂಪಿಕ್ ಜ್ಯೋತಿಯ ಓಟ ಪ್ರಾಚೀನ ಗ್ರೀಕರಿಂದ ಬಂದದ್ದು ಎಂದು ಎಲ್ಲರಂತೆ ಅವಳೂ ನಂಬಿದ್ದಳು. ಓದುತ್ತ ಹೋದಂತೆ ಅದು ಹಾಗಲ್ಲ ಎಂದು ತಿಳಿಯಿತು. ಗ್ರೀಕರು ಪಂಜು ಹಿಡಿದು ಓಡುತ್ತಿದ್ದದ್ದು ನಿಜ, ಆದರೆ ಅದು ಅಥೆನ್ಸಿನ ಬೇರೆ ಉತ್ಸವಗಳಲ್ಲಿ. ಹಳೆಯ ಒಲಿಂಪಿಕ್ಸಿಗೆ ಯಾರೂ ಊರಿಂದ ಊರಿಗೆ ಜ್ಯೋತಿ ಒಯ್ದಿರಲಿಲ್ಲ. ಆ ಓಟ ಹುಟ್ಟಿದ್ದು ೧೯೩೬ರಲ್ಲಿ, ಬರ್ಲಿನ್ ಕೂಟಕ್ಕಾಗಿ, ಹಿಟ್ಲರನ ಆಡಳಿತದಲ್ಲಿ. ಗ್ರೀಸಿನಲ್ಲಿ ಕನ್ನಡಿಯಿಂದ ಬಿಸಿಲು ಹಿಡಿದು ಹೊತ್ತಿಸಿದ ಬೆಂಕಿಯನ್ನು ಮೂರು ಸಾವಿರಕ್ಕೂ ಹೆಚ್ಚು ಜನ ಕೈಯಿಂದ ಕೈಗೆ ದಾಟಿಸಿ ಬರ್ಲಿನ್ನಿಗೆ ಒಯ್ದಿದ್ದರು. ಪಂಜುಗಳನ್ನು ಮಾಡಿಕೊಟ್ಟದ್ದು ತೋಪು ತಯಾರಿಸುವ ಕಾರ್ಖಾನೆ. ಆ ದಾರಿಯಲ್ಲಿದ್ದ ದೇಶಗಳ ಪೈಕಿ ಹಲವು ಕೆಲವೇ ವರ್ಷಗಳಲ್ಲಿ ಜರ್ಮನಿಯ ಸೈನ್ಯದ ಕೈಗೆ ಸಿಕ್ಕವು.

ಅವಳನ್ನು ಹೆಚ್ಚು ಕಾಡಿದ್ದು ಮುಂದಿನ ಕಥೆ. ಯುದ್ಧ ಮುಗಿದ ಮೇಲೆ ೧೯೪೮ರಲ್ಲಿ ಲಂಡನ್ನಿನವರು ಕೂಟ ನಡೆಸಿದಾಗ, ತಮ್ಮ ಊರಿನ ಮೇಲೆ ಬಾಂಬು ಸುರಿಸಿದವರು ಹುಟ್ಟಿಸಿದ ಈ ಓಟವನ್ನು ಬಿಟ್ಟುಬಿಡಲಿಲ್ಲ. ಅದನ್ನೇ ಉಳಿಸಿಕೊಂಡು ಶಾಂತಿಯ ಓಟ ಎಂದು ಕರೆದರು. ಗ್ರೀಸಿನಲ್ಲಿ ಜ್ಯೋತಿ ಹಿಡಿದ ಮೊದಲಿಗ ಒಬ್ಬ ಸೈನಿಕ. ಅವನು ಬಂದೂಕು ಕೆಳಗಿಟ್ಟು, ಸಮವಸ್ತ್ರ ಕಳಚಿ, ಸಾದಾ ಬನಿಯನ್ ಚಡ್ಡಿಯಲ್ಲಿ ಓಡಲು ತೊಡಗಿದ. ಶೈಲಶ್ರೀ ಮೊದಲ ಫಲಕದಲ್ಲಿ ಗ್ರೀಕರನ್ನು, ಎರಡನೆಯದರಲ್ಲಿ ಬರ್ಲಿನ್ನನ್ನು, ಮೂರನೆಯದರಲ್ಲಿ ಈ ಸೈನಿಕನನ್ನು ಇಟ್ಟು, ಉಳಿದದ್ದನ್ನು ಅಲ್ಲಿಂದ ಮುಂದಕ್ಕೆ ಬೆಳೆಸಿ ಕಳಿಸಿಕೊಟ್ಟಳು.

ಅನಂತರಾಮು ಫೋನ್ ಮಾಡಿದಾಗ ಅವಳು ಹಡಪಸರದ ಸಂತೆಯಲ್ಲಿ ಮೆಂತ್ಯದ ಸೂಡು ಆರಿಸುತ್ತ ನಿಂತಿದ್ದಳು.

"ಮೇಡಂ, ಎಕ್ಸಲೆಂಟ್ ಆಗಿದೆ ಅಂತ ಎಲ್ರೂ ಹೇಳಿದ್ರು. ಒಂದೇ ಒಂದು ಚೇಂಜ್. ಆ ಎರಡನೇ ಪ್ಯಾನೆಲ್ ಬೇಡ."

"ಯಾಕ್ರೀ? ತಪ್ಪದ ಏನು?"

"ತಪ್ಪು ಅಂತಲ್ಲ. ಸಮಿತಿ ಅಧ್ಯಕ್ಷರಿಗೆ ಸರಿ ಅನ್ನಿಸ್ಲಿಲ್ಲ. ಜನ ಖುಷಿಯಾಗಿ ನೋಡೋಕೆ ಬರ್ತಾರೆ, ಅವರ ಮುಂದೆ ಹಿಟ್ಲರ್ ಫೋಟೋ ಯಾಕೆ ಅಂತಾರೆ. ಗ್ರೀಸ್‍ನಿಂದ ಡೈರೆಕ್ಟಾಗಿ ಲಂಡನ್‍ಗೆ ಬಂದ್ಬಿಡಿ."

"ಫೋಟೋ ಬ್ಯಾಡಂದ್ರ ತಗೀರಿ. ಮಾತು ಇರಲಿ. ಅದನ್ನ ಬಿಟ್ಟರ ಉಳಿದದ್ದು ಇತಿಹಾಸ ಆಗೂದಿಲ್ಲರಿ."

ಅನಂತರಾಮು ಅವರ ಹಿಂದೆ ಯಾರೋ ಮರಾಠಿಯಲ್ಲಿ ಮಾತಾಡುವುದು ಕೇಳುತ್ತಿತ್ತು. "ನೋಡಿ ಮೇಡಂ, ನಾನು ಹೇಳ್ತಿಲ್ಲ, ಅವರು ಕೇಳಿದ್ದನ್ನ ನಿಮಗೆ ತಿಳಿಸ್ತಿದೀನಿ. ದೌಂಡಿನ ಆ ಅಮ್ಮ ನಿಮಗೆ ಏನಾಗ್ಬೇಕು ಅಂತ ಕೇಳಿದ್ರು. ಜ್ಯೋತಿ ಹಿಡಿಯೋರ ಹೆಸರು ಇನ್ನೂ ಫೈನಲ್ ಆಗಿಲ್ಲ."

ಶೈಲಶ್ರೀ ಮೆಂತ್ಯ ಕೊಳ್ಳದೆ ಮನೆಗೆ ಬಂದಳು. ಸಂಜೆಯೆಲ್ಲ ಸಿಟ್ಟು ಕುದಿಯಿತು, ಆಮೇಲೆ ಲೆಕ್ಕಾಚಾರ ಶುರುವಾಯಿತು. ಹೋಗುವುದು ಒಂದು ಫಲಕ ತಾನೇ. ಗೊತ್ತಿರುವವರಿಗೆ ಗೊತ್ತಿದೆ, ಬೇಕಾದವರು ಹುಡುಕಿ ಓದಿಕೊಳ್ಳುತ್ತಾರೆ. ಅತ್ತೆ ಮಾತ್ರ ಇನ್ನೊಂದು ಕೂಟದವರೆಗೆ ಕಾಯಲಾರಳು. ಅವಳು ಎರಡನೆಯ ಫಲಕ ತೆಗೆದು, 'ಗ್ರೀಕರ ಪಂಜಿನ ಓಟ ಆಧುನಿಕ ಕಾಲದಲ್ಲಿ ಹೊಸ ಜೀವ ಪಡೆಯಿತು' ಎಂಬ ಸಾಲು ಬರೆದು ಮೊದಲನೆಯದನ್ನು ಮೂರನೆಯದಕ್ಕೆ ಹೊಲಿದಳು. ಆ ಸಾಲಿನ ಯಾವ ಪದವನ್ನೂ ಸುಳ್ಳೆಂದು ಬೆರಳಿಟ್ಟು ತೋರಿಸಲಾಗುತ್ತಿರಲಿಲ್ಲ. ಅನಂತರಾಮು ಕೂಡಲೇ ಧನ್ಯವಾದ ಹೇಳಿದರು.

ಆ ಭಾನುವಾರ ಅವಳು ದೌಂಡಕ್ಕೆ ಹೋದಳು. ಚನ್ನಬಸವ್ವ ಸಮಿತಿಯವರು ಕಳಿಸಿದ ಬಿಳಿ ಅಂಗಿಯನ್ನು ತೊಟ್ಟುಕೊಂಡೇ ಬಾಗಿಲು ತೆರೆದಳು. ಅದು ಅವಳಿಗೆ ಬಹಳ ದೊಡ್ಡದಾಗಿತ್ತು, ತೋಳು ಮೊಣಕೈ ದಾಟಿ ಇಳಿದಿತ್ತು. ಊಟವಾದ ಮೇಲೆ ಅವಳು ಚಾಪೆಯ ಮೇಲೆ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಳು.

"ನೀ ಬರದದ್ದು ಓದಿ ಹೇಳು. ಕಾಲೊನಿಯ ಹೆಣ್ಮಕ್ಕಳು ಕೇಳಲಿಕತ್ತಾರ, ಈ ಜ್ಯೋತಿ ಅಂದ್ರ ಏನು, ಎಲ್ಲಿಂದ ಬಂತು ಅಂತ. ನನಗೂ ನಾಲ್ಕು ಮಾತು ಗೊತ್ತಿರಲಿ."

ಶೈಲಶ್ರೀ ಫೋನು ತೆಗೆದು ಓದಿದಳು. ಗ್ರೀಕರ ಕಥೆಗೆ ಚನ್ನಬಸವ್ವ ತಲೆದೂಗಿದಳು. ಲಂಡನ್ ಕೂಟದ ಸೈನಿಕನ ಕಥೆ ಬಂದಾಗ ಎಣ್ಣೆ ತಿಕ್ಕುವ ಕೈ ನಿಂತಿತು.

"ಅಂವಾ ಅರಿವಿ ಯಾಕ ಬಿಚ್ಚಿದ?"

"ಯುದ್ಧ ಮುಗದಿತ್ತಲ್ಲ ಅತ್ತಿ. ಶಾಂತಿ ಬೇಕಂತ."

"ಅದು ತಿಳೀತು. ಗ್ರೀಕರು ಸಾವಿರಾರು ವರ್ಷದಿಂದ ಹಿಡದಾರ ಅಂದಿ. ಹಂಗಿದ್ದರ ಅದಕ್ಕೂ ಬಂದೂಕಿಗೂ ಏನು ಸಂಬಂಧ? ಬಂದೂಕು ಕೆಳಗಿಟ್ಟು ಜ್ಯೋತಿ ಹಿಡೀಬೇಕಂದ್ರ ಅದಕ್ಕ ಮೊದಲ ಏನೋ ಆಗಿರಬೇಕು."

ಶೈಲಶ್ರೀಗೆ ಮುಂದೆ ಓದಲಾಗಲಿಲ್ಲ. ಬರ್ಲಿನ್ನಿನ ಕಥೆ ಹೇಳಿದಳು. ಫೋನಿನಲ್ಲಿ ಆದ ಮಾತು ಹೇಳಿದಳು. ತೆಗೆದುಹಾಕಿದ್ದನ್ನೂ, ಯಾಕೆ ತೆಗೆದಳೆಂಬುದನ್ನೂ ಹೇಳಿದಳು.

ಚನ್ನಬಸವ್ವ ಎದ್ದು ಒಳಗೆ ಹೋಗಿ ಚಹಕ್ಕೆ ಇಟ್ಟಳು. ಹೊರಗೆ ಬಂದಾಗ ಅವಳು ಆ ಬಿಳಿ ಅಂಗಿ ಕಳಚಿ ತನ್ನ ಹಳೆಯ ಕುಬುಸ ತೊಟ್ಟಿದ್ದಳು.

"ನನ್ನ ಸಲುವಾಗಿ ಅಳಿಸೀನಿ ಅಂತ ಹೇಳಬ್ಯಾಡ," ಎಂದಳು. "ನಾ ನಿನಗ ಹೇಳಿದ್ನೇನು?"

"ನೀನು ಭಾಳ ಆಶಾ ಇಟ್ಟಿದ್ದಿ ಅತ್ತಿ."

"ಇಟ್ಟಿದ್ದೆ. ಈಗೂ ಅದ." ಅವಳು ಬಟ್ಟಲು ಕೆಳಗಿಟ್ಟಳು. "ನಾ ಹತ್ತನೇ ಕ್ಲಾಸಿನ್ಯಾಗ ಇದ್ದಾಗ ನಮ್ಮ ಕಡೆ ಇಂಥದೇ ಒಂದು ಜ್ಯೋತಿ ಬಂದಿತ್ತು. ಊರ ಅಗಸಿ ಬಾಗಿಲದಿಂದ ಶಾಲಿ ತನಕ ನಾ ಹಿಡೀಬೇಕು ಅಂತ ಮಾಸ್ತರ ಹೇಳಿದ್ದರು. ಹಿಂದಿನ ದಿವಸ ಯಾರೋ ದೊಡ್ಡವರ ಮಗಳು ಬಂದಳು, ನನ್ನ ಬಿಟ್ಟು ಆಕಿಗೆ ಕೊಟ್ಟರು. ನಾ ಅತ್ತುಬಿಟ್ಟೆ, ಮುಗೀತು. ದೊಡ್ಡವರ ಮಂದಿ ಅಂತ ಸುಮ್ಮನಾದೆ. ಆದರ ಮರುದಿವಸ ಪ್ರಾರ್ಥನಾದಾಗ ಮಾಸ್ತರ ಎಲ್ಲಾರ ಮುಂದ ನಿಂತು, ಪಾಪ, ಚನ್ನಬಸವ್ವಗ ಜ್ವರ ಬಂದಿತ್ತು, ಅದಕ್ಕ ಆಕಿ ಓಡಲಿಲ್ಲ ಅಂದರು. ನಾ ಸಾಲಿನಾಗ ನೆಟ್ಟಗ ನಿಂತಿದ್ದೆ. ನನ್ನ ಗೆಳತ್ಯಾರು ಬಂದು ಹಣಿ ಮುಟ್ಟಿ ನೋಡಿದರು."

ಹೊರಗೆ ಸೋಲಾಪುರದ ಗಾಡಿ ಹೊರಟ ಸದ್ದಾಯಿತು. ಅದು ಪೂರ್ತಿ ಹೋಗುವವರೆಗೆ ಅವಳು ಕಾದಳು.

"ಊರಿಗೆ ಹೋದರ ಈಗೂ ಒಬ್ಬಿಬ್ಬರು ಅಂತಾರ, ಅವತ್ತು ನಿನಗ ಜ್ವರ ಬರಬಾರದಿತ್ತು ಬಿಡು ಅಂತ. ನಾ ಹೌದು ಅಂತೀನಿ. ಎಷ್ಟು ಮಂದಿಗೆ ಬಿಡಿಸಿ ಹೇಳೂದು?"

ಶೈಲಶ್ರೀ ತಲೆ ತಗ್ಗಿಸಿ ಕೂತಿದ್ದಳು. ಅತ್ತೆಯ ಈ ಕಥೆ ಅವಳಿಗೆ ಗೊತ್ತಿತ್ತು. ಆದರೆ ಅವಳಿಗೆ ಗೊತ್ತಿದ್ದದ್ದು ಜ್ವರದ ಕಥೆ; ಅಪ್ಪ ಹೇಳಿದ್ದು.

"ನೀ ಅದನ್ನ ತಿರುಗಿ ಹಾಕು," ಎಂದಳು ಚನ್ನಬಸವ್ವ. "ನನ್ನ ತಗೀತಾರ, ತಗೀಲಿ. ತಗದರ ಯಾಕ ತಗದರು ಅಂತ ನಾನಽ ಎಲ್ಲಾರಿಗೂ ಹೇಳ್ತೀನಿ." ದನಿ ಇಳಿಸಿ, "ಆದರ ಹಿಡೀಬೇಕೋ ಬ್ಯಾಡೋ ಅನ್ನೂದು ಈಗ ನನಗ ತಿಳೀವಲ್ದು. ಅಂಥಾವನ ಮನ್ಯಾಗ ಹುಟ್ಟಿದ್ದು ಅಂದ್ರ..." ಎಂದಳು.

ಶೈಲಶ್ರೀ ಬಟ್ಟಲುಗಳನ್ನು ಎತ್ತಿ ಒಳಗೆ ಒಯ್ದಳು.

ಮರುದಿನ ಅವಳು ಎರಡನೆಯ ಫಲಕವನ್ನು ಮತ್ತೆ ಸೇರಿಸಿ ಕಳಿಸಿದಳು. ಹಾಕುವುದಾದರೆ ಎಲ್ಲವನ್ನೂ ಹಾಕಿ, ಇಲ್ಲವಾದರೆ ಯಾವುದೂ ಬೇಡ ಎಂದು ಬರೆದಳು. ಅನಂತರಾಮು ಫೋನ್ ಮಾಡಿ, "ಸ್ವಲ್ಪ ಪ್ರಾಕ್ಟಿಕಲ್ ಆಗಿರಿ ಮೇಡಂ," ಎಂದರು. ಅವಳು ಜಗ್ಗಲಿಲ್ಲ. ಪ್ರದರ್ಶನದಿಂದ ಇತಿಹಾಸದ ಭಾಗವನ್ನೇ ಕೈಬಿಟ್ಟು, ಆ ಗೋಡೆಗೆ ಪ್ರಾಯೋಜಕರ ಚಿತ್ರಗಳನ್ನು ಹಾಕುವುದೆಂದು ತೀರ್ಮಾನವಾಯಿತು. ಅತ್ತೆಯ ಹೆಸರನ್ನು ಅಧ್ಯಕ್ಷರು ತೆಗೆಯಲಿಲ್ಲ. ಅನಂತರಾಮು ಅದಕ್ಕಾಗಿ ವಾದ ಮಾಡಿದರಂತೆ. ಆದರೆ ಜಾಗ ಬದಲಾಯಿತು. ಹಡಪಸರದ ದೊಡ್ಡ ರಸ್ತೆ ಹೋಗಿ, ದಿವೆ ಘಾಟ್ ಇಳಿದ ಮೇಲೆ ವಡಕಿಯ ಹತ್ತಿರದ ಒಂದು ತುಣುಕು ಬಂತು. ಬೆಳಗಿನ ಹೊತ್ತು, ಒಂದು ಬದಿಗೆ ಗೋದಾಮು, ಇನ್ನೊಂದು ಬದಿಗೆ ಲಾರಿಗಳ ಸಾಲು. ಅಲ್ಲಿ ನೋಡಲು ಯಾರೂ ನಿಲ್ಲುವುದಿಲ್ಲ.

ವಿಷಯ ತಿಳಿಸಲು ಶೈಲಶ್ರೀ ಹಿಂಜರಿಯುತ್ತ ಫೋನ್ ಮಾಡಿದಾಗ ಚನ್ನಬಸವ್ವ ಆಗಲೇ ಒಂದು ನಿರ್ಧಾರಕ್ಕೆ ಬಂದಿದ್ದಳು.

"ಹಿಡೀತೀನಿ," ಎಂದಳು. "ಅಂವಾ ಹುಟ್ಟಿಸಿದ ಅಂತ ಬಿಟ್ಟರ ಅದು ಅಂವಂದೇ ಆಗಿ ಉಳೀತದ. ಆ ಸಿಪಾಯಿ ಬಿಡಲಿಲ್ಲ ನೋಡು. ಎಲ್ಲಿ ಅಂದಿ, ವಡಕಿ? ಆಫೀಸಿನವರಿಗೆ ಬರಬ್ಯಾಡ್ರಿ ಅಂತ ಹೇಳ್ತೀನಿ, ಅಷ್ಟು ಲಗೂನ ಅವರಿಗೆ ಬರಲಿಕ್ಕೆ ಆಗೂದಿಲ್ಲ."

ಹಾಗಾಗಿ ಆ ಬೆಳಿಗ್ಗೆ ವಡಕಿಯ ರಸ್ತೆಬದಿಯಲ್ಲಿ ಅವಳ ಕಡೆಯವರೆಂದು ಇದ್ದದ್ದು ಶೈಲಶ್ರೀ ಮತ್ತು ಹಟ ಹಿಡಿದು ಕುರ್ಡುವಾಡಿಯಿಂದ ಬಂದಿದ್ದ ಸಂಜು ಮಾತ್ರ. ಸಂಜು ಚನ್ನಬಸವ್ವನ ಜೊತೆ ಟಿಕೆಟ್ ಕಚೇರಿಯಲ್ಲಿ ಕೆಲಸ ಮಾಡಿದವನು. ಅವಳ ಚಪ್ಪಲಿ ಚೀಲವನ್ನು ತಾನೇ ಹಿಡಿದುಕೊಂಡು, ಲಾರಿ ಬಂದಾಗಲೆಲ್ಲ ಕೈಯೆತ್ತಿ ಅತ್ತ ಸರಿಸುತ್ತಿದ್ದ. ಚನ್ನಬಸವ್ವ ಬಿಳಿ ಅಂಗಿಯ ತೋಳನ್ನು ಮಡಚಿ ಪಿನ್ನು ಹಾಕಿಕೊಂಡಿದ್ದಳು.

ಸಾಸವಡದಲ್ಲಿ ತಂಗಿದ್ದ ಜ್ಯೋತಿ ಘಾಟ್ ಇಳಿದು ಬಂತು. ಹಿಂದೆ ಒಂದು ವ್ಯಾನು, ಮುಂದೆ ಪೊಲೀಸರ ಮೋಟಾರ್ ಸೈಕಲ್ಲು. ಪಂಜು ತಂದ ಮಧ್ಯವಯಸ್ಸಿನ ಗಂಡಸು ಏದುಸಿರು ಬಿಡುತ್ತ ಅವಳ ಪಂಜಿಗೆ ಬೆಂಕಿ ತಾಗಿಸಿದ. ಅದು ಹೊತ್ತಿಕೊಂಡಿತು. ಚನ್ನಬಸವ್ವ ಒಂದು ಗಳಿಗೆ ಅದನ್ನೇ ನೋಡಿದಳು, ಆಮೇಲೆ ಓಡತೊಡಗಿದಳು.

ಶೈಲಶ್ರೀ ರಸ್ತೆಯಂಚಿನಲ್ಲಿ ಅವಳ ಸಮಕ್ಕೆ ನಡೆಯಲು ನೋಡಿ, ಆಗದೆ ತಾನೂ ಓಡಿದಳು. ಅತ್ತೆ ಓಡುವುದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಆದರೆ ತಲೆ ಅಲುಗಾಡುತ್ತಿರಲಿಲ್ಲ, ಭುಜ ಸಡಿಲವಾಗಿತ್ತು, ಉಸಿರು ಹದವಾಗಿತ್ತು.

ಗೋದಾಮಿನ ಮುಂದೆ ಕಂಪನಿಯ ಬಸ್ಸಿಗೆ ಕಾಯುತ್ತ ಏಳೆಂಟು ಹೆಂಗಸರು ನಿಂತಿದ್ದರು, ಕೈಯಲ್ಲಿ ಡಬ್ಬಿಯ ಚೀಲ. ಬೆಂಕಿ ಕಂಡು ಅವರು ಮಾತು ನಿಲ್ಲಿಸಿದರು. ಅವರಲ್ಲೊಬ್ಬಳು ಚೀಲವನ್ನು ಪಕ್ಕದವಳ ಕೈಗೆ ಕೊಟ್ಟು, ಸೆರಗು ತಲೆಗೆಳೆದುಕೊಂಡು ರಸ್ತೆಗಿಳಿದಳು.

"ಮಾವಶಿ, ಜೇಜುರಿಹೂನ ಆಲೀ ಕಾ?" ಗುಡ್ಡದ ಮೇಲಿನ ದೇವರ ಊರು ಜೇಜುರಿಯಿಂದ ಬಂದ ಜ್ಯೋತಿಯೇ, ಎಂದು ಕೇಳಿದಳು.

ಚನ್ನಬಸವ್ವ ನಿಂತಳು. "ಹೋ," ಎಂದಳು. "ಜೇಜುರಿಹೂನಚ ಆಲೀ."

ಆ ಹೆಂಗಸು ಎರಡೂ ಅಂಗೈಗಳನ್ನು ಜ್ವಾಲೆಯ ಹತ್ತಿರ ಹಿಡಿದು ಕಣ್ಣಿಗೊತ್ತಿಕೊಂಡಳು. ಉಳಿದವರೂ ಇಳಿದು ಬಂದರು. ಚನ್ನಬಸವ್ವ ಪಂಜನ್ನು ಅವರಿಗೆ ಎಟುಕುವಂತೆ ತಗ್ಗಿಸಿ ಹಿಡಿದಳು. ವ್ಯಾನಿನಲ್ಲಿದ್ದ ಕಾರ್ಯಕರ್ತ ಕಿಟಕಿಯಿಂದ ಮುಖ ಹೊರಹಾಕಿ, "ಚಲಾ ಮಾವಶಿ, ಥಾಂಬೂ ನಕಾ," ಎಂದು ನಿಲ್ಲದಂತೆ ಅವಸರಪಡಿಸಿದ. ಅವಳು ಕೊನೆಯವಳ ಕೈ ಕಣ್ಣು ಮುಟ್ಟುವವರೆಗೆ ಕದಲಲಿಲ್ಲ. ಆಮೇಲೆ ಮತ್ತೆ ಓಡಿ, ಮುಂದಿನ ತಿರುವಿನಲ್ಲಿ ಕಾಯುತ್ತಿದ್ದ ಪ್ರಾಯೋಜಕ ಐಟಿ ಕಂಪನಿಯ ಮಿಥುನ ಎಂಬ ತರುಣನ ಪಂಜಿಗೆ ಬೆಂಕಿ ಕೊಟ್ಟಳು. ಅವನು "ಥ್ಯಾಂಕ್ಯೂ ಆಂಟಿ" ಎಂದು ಹೇಳಿ ಜಿಗಿಯುತ್ತ ಓಡಿಹೋದ.

ಶೈಲಶ್ರೀ ಉಸಿರು ಸಿಗದೆ ಮೈಲಿಗಲ್ಲಿನ ಮೇಲೆ ಕೂತಳು. "ಅತ್ತಿ, ಜೇಜುರಿಯಿಂದ ಬಂತು ಅಂತ ಹೇಳಿದಿ."

"ಮತ್ತೇನು, ಸುಳ್ಳೇನು? ನಿನ್ನೆ ಜೇಜುರಿಗೆ ಹೋಗೇ ಬಂದದಲ್ಲ." ಚನ್ನಬಸವ್ವ ಮೊಣಕಾಲು ಒತ್ತಿಕೊಳ್ಳುತ್ತ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಆಕಿಗೆ ಅಷ್ಟೇ ಬೇಕಾಗಿತ್ತು. ಬರ್ಲಿನ್ ಕಥಿ ಹೇಳಬೇಕಂದ್ರ ಹೊತ್ತೆಲ್ಲಿ, ಅವರ ಬಸ್ಸು ಬರೂದಿತ್ತು," ಎಂದಳು.

ಶೈಲಶ್ರೀಗೆ ಆ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಹಾಗೆಂದು ತಾನಾಗಿದ್ದರೆ ಏನು ಹೇಳುತ್ತಿದ್ದಳೆಂದೂ ತಿಳಿಯಲಿಲ್ಲ.

ಸಮಿತಿಯ ಬಸ್ಸಿನಲ್ಲಿ ಅವರು ಹಡಪಸರಕ್ಕೆ ಬರುವಷ್ಟರಲ್ಲಿ ಅಲ್ಲಿ ಜನ ಕಿಕ್ಕಿರಿದಿದ್ದರು. ಢೋಲು ತಾಶೆಗಳ ಸದ್ದು ಎದೆಗೆ ಬಡಿಯುತ್ತಿತ್ತು. ಫ್ಲೈಓವರಿನ ನೆರಳಿನಿಂದ ಜ್ಯೋತಿ ಹೊರಬಂದಾಗ ಸಾವಿರಾರು ಕೈಗಳು ಒಮ್ಮೆಲೇ ಮೇಲೆದ್ದವು. ಶೈಲಶ್ರೀಯ ಕೈಯೂ ಎದ್ದಿತ್ತು. ತೋಳಿನ ಮೇಲೆ ಮುಳ್ಳೆದ್ದದ್ದು ಕಂಡು ಅವಳಿಗೇ ಅಚ್ಚರಿಯಾಯಿತು. ಬರ್ಲಿನ್ನಿನಲ್ಲಿ ನಿಂತಿದ್ದವರಿಗೂ ಹೀಗೇ ಆಗಿರಬೇಕು ಎಂದು ಕೂಡಲೇ ಅನ್ನಿಸಿತು. ಅವರೂ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡಿರಬೇಕು, ಅವರ ತೋಳಿನ ಮೇಲೂ ಮುಳ್ಳೆದ್ದಿರಬೇಕು. ಆ ಕಾಲದ ಬಗ್ಗೆ ಓದಿದ್ದೆಲ್ಲ ಅವಳಿಗೆ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಅವಳು ಕೈ ಇಳಿಸಿದಳು. ಪಕ್ಕದಲ್ಲಿ ಚನ್ನಬಸವ್ವ ಜನರ ತಲೆಗಳ ನಡುವಿನಿಂದ ನೋಡಲು ತುದಿಗಾಲ ಮೇಲೆ ನಿಂತು, ಈಗ ಜ್ಯೋತಿ ಹಿಡಿದು ಓಡುತ್ತಿದ್ದವಳ ಕಾಲುಗಳನ್ನೇ ಗಮನಿಸುತ್ತ, "ಹಿಮ್ಮಡಿ ಭಾಳ ಬಡೀತಾಳ," ಎಂದಳು.

ಕೂಟ ಮುಗಿದ ಮೇಲೆ ಶೈಲಶ್ರೀ ಪ್ರಾಂಶುಪಾಲರನ್ನು ಕೇಳಿ, ಫಲಕಗಳನ್ನೆಲ್ಲ ತನ್ನ ಖರ್ಚಿನಲ್ಲೇ ಅಚ್ಚು ಹಾಕಿಸಿ ಕಾಲೇಜಿನ ಕಾರಿಡಾರಿನಲ್ಲಿ ತೂಗುಹಾಕಿದಳು. ಹುಡುಗರು ಹಿಟ್ಲರನ ಚಿತ್ರದ ಮುಂದೆ ತುಸು ಹೆಚ್ಚು ಹೊತ್ತು ನಿಂತು ಮುಂದೆ ಹೋಗುತ್ತಿದ್ದರು. ಕೆಲವರು ಬಂದು ಪ್ರಶ್ನೆ ಕೇಳಿದರು, ಬಹಳ ಜನ ಕೇಳಲಿಲ್ಲ.

ವೈದ್ಯರಿಗೆ ಮೊಣಕಾಲು ತೋರಿಸಲು ಪುಣೆಗೆ ಬಂದಿದ್ದ ಚನ್ನಬಸವ್ವ ಒಂದು ಮಧ್ಯಾಹ್ನ ಅವನ್ನು ನೋಡಲು ಬಂದಳು. ಅದೇ ಹೊತ್ತಿಗೆ ಅನಂತರಾಮು ಕೂಡ ಬಂದರು. ಶೈಲಶ್ರೀ ಅವರನ್ನು ಕರೆದಿರಲಿಲ್ಲ. ಕಾಲೇಜಿನ ಯಾರೋ ಹೇಳಿದ್ದರಂತೆ. ಚನ್ನಬಸವ್ವನನ್ನು ಕಂಡು ಅವರು ಮುಜುಗರದಿಂದ ಕೈ ಮುಗಿದರು.

"ಅಮ್ಮ, ನಿಮ್ಮ ಜಾಗ ಚೇಂಜ್ ಆಗಿದ್ದಕ್ಕೆ ನನಗೆ ನಿಜವಾಗ್ಲೂ ಬೇಜಾರಿದೆ."

"ಹೋಗ್ಲಿ ಬಿಡ್ರಿ. ಹಡಪಸರದಾಗ ನಿಲ್ಲಲಿಕ್ಕೆ ಜಾಗ ಇರಲಿಲ್ಲ, ವಡಕಿಯಾಗ ಓಡಲಿಕ್ಕೆ ಜಾಗ ಇತ್ತು." ಚನ್ನಬಸವ್ವ ಅವರನ್ನು ಒಮ್ಮೆ ನೋಡಿ, "ನನಗೂ ಬೇಜಾರ ಆಗಿತ್ತರಿ. ಇಲ್ಲ ಅನ್ನೂದಿಲ್ಲ," ಎಂದು ಸೇರಿಸಿದಳು.

ಅನಂತರಾಮು ತಲೆಯಾಡಿಸಿ ಎರಡನೆಯ ಫಲಕದ ಮುಂದೆ ಹೋಗಿ ನಿಂತರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ಮೊದಲ ಸಾಲಿನಿಂದ ಕೊನೆಯವರೆಗೂ ಓದಿದರು. ಓದಿ ಮುಗಿದ ಮೇಲೂ ಅಲ್ಲಿಂದ ಸರಿಯಲಿಲ್ಲ.

"ಮೇಡಂ, ಒಂದು ಮಾತು ಹೇಳ್ತೀನಿ," ಎಂದರು ತಿರುಗಿ. "ತೆಗೀರಿ ಅಂತ ನಿಮಗೆ ಎರಡು ಸಲ ಫೋನ್ ಮಾಡಿದೆನಲ್ಲ, ಆಗ ನಾನು ಇದನ್ನ ಓದಿರ್ಲಿಲ್ಲ."

ಅವರು ಮೂರನೆಯ ಫಲಕದ ಕಡೆ ನಡೆದರು. ಚನ್ನಬಸವ್ವ ಕುಂಟುತ್ತ ಅವರ ಪಕ್ಕಕ್ಕೆ ಹೋಗಿ, ಸಾದಾ ಬನಿಯನ್ನಿನಲ್ಲಿ ಓಡುತ್ತಿದ್ದ ಆ ಸೈನಿಕನ ಚಿತ್ರ ತೋರಿಸಿದಳು.

"ಇಂವನಽ ನೋಡ್ರಿ," ಎಂದು ಅವನ ಕಥೆ ಹೇಳಲು ಶುರುಮಾಡಿದಳು.